ಚಿತ್ರ ಹನ್ನೊಂದು

ಸಿದ್ದಾಪುರದಲ್ಲಿ ಬಸ್ಸಿಳಿದು ಮುಕ್ಕಾಲು ಗಂಟೆ ನಡಿಗೆ.
ರಾತ್ರಿ ಆನೆ ದಾಟಿದ ಕಡೆ ಬೇಲಿ ಮಲಗಿದೆ,
ಲದ್ದಿಯಲ್ಲಿ ಕಾಫಿ ಬೀಜ, ತೊಳೆದಿಟ್ಟ ಹಾಗೆ.
ನನ್ನ ಹೆಗಲಿಗೆ ವಿಭಾಗದ ಪೆಟ್ಟಿಗೆ:
ಒಂಬತ್ತು ಮರದ ಘನ, ಚಿತ್ರದ ಹಾಳೆ, ಸ್ಟಾಪ್‌ವಾಚು,
ಕಳೆದರೆ ಹದಿನೆಂಟು ಸಾವಿರ ಕಟ್ಟುತ್ತೇನೆಂದು ಸಹಿ ಹಾಕಿ ತಂದದ್ದು.

ಎಂ.ಎಸ್ಸಿ. ಎರಡನೇ ವರ್ಷ, ಶಾಲಾ ಮನಃಶಾಸ್ತ್ರ.
ಅವ್ವ ನೆಂಟರಿಗೆ ಹೇಳುವುದು, 'ಮಕ್ಕಳ ತಲೆ ನೋಡುವ ಓದು.'
'ಹೇನು ಇದೆಯಾ ಅಂತಲಾ?' ನಕ್ಕಿದ್ದಳು ಸೋದರತ್ತೆ.
ಹೇನಾದರೆ ಸುಲಭವಿತ್ತು.
ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಕೊಯ್ಲಿನ ಕಾಲ. ನಾಲ್ಕನೇ ತರಗತಿಯ ಹದಿನೇಳರಲ್ಲಿ
ಬೆಂಚಿನ ಮೇಲೆ ಆರು. ಉಳಿದವರು ಗಿಡದಡಿಯಲ್ಲಿ
ಉದುರಿದ ಹಣ್ಣು ಹೆಕ್ಕುತ್ತ.
ಸದ್ದಿಲ್ಲದ ಜಾಗ ಬೇಕು ಎಂದಿದ್ದೆ, ಪುಸ್ತಕದಲ್ಲಿ ಇದ್ದಂತೆ.
ದಮಯಂತಿ ಟೀಚರ್ ತೋಲನನ್ನು ತಂದು ಕೂರಿಸಿದ್ದು
ಅಡುಗೆ ಕೋಣೆಯ ಪಕ್ಕ, ಅಕ್ಕಿ ಚೀಲಗಳ ಮೇಲೆ.
ಒಗ್ಗರಣೆ ಸಿಡಿಯುತ್ತಿತ್ತು.
'ಹುಡುಗ ಸ್ವಲ್ಪ ನಿಧಾನ' ಅಂದರು ಅವನೆದುರೇ,
ಬಸ್ಸು ಸ್ವಲ್ಪ ತಡ ಎನ್ನುವಷ್ಟೇ ಸಹಜವಾಗಿ.

ಅವನ ಮನೆಮಾತು ಎರವ. ತೋಟದವರ ಜೊತೆ ಕೊಡವ ತಕ್ಕ್.
ಕನ್ನಡ ಮೂರನೆಯದು, ಹತ್ತರಿಂದ ನಾಲ್ಕರವರೆಗೆ.
ನಾನು ಭಾಗಮಂಡಲದವಳು, ಮನೆಯೊಳಗೆ ಅರೆಭಾಷೆ.
ನನ್ನ ಪ್ರಶ್ನೆಗಳೋ ಇಂಗ್ಲಿಷಿನಿಂದ ಇಳಿದು
ಕನ್ನಡದಲ್ಲಿ ಬಾಡಿಗೆಗಿದ್ದವು.
ಎಲ್ಲರೂ ಪರವೂರಿನಲ್ಲೇ ಭೇಟಿಯಾದೆವು.

ಘನಗಳನ್ನು ಜೋಡಿಸಿದ, ನಾಲ್ಕರ ತನಕ.
ಅಂಕಿ ಹಿಂದಿನಿಂದ ಹೇಳು ಎಂದರೆ
ಮುಂದಿನಿಂದಲೇ ಹೇಳಿದ, ಇನ್ನೂ ಜೋರಾಗಿ.
ಮನೆಯಲ್ಲಿ ಎಷ್ಟು ಜನ?
'ಯಾವಾಗ?' ಅಂದ.

ಚಿತ್ರ ಹನ್ನೊಂದು. ಒಂದು ಬಾಗಿಲು,
ಹಿಡಿ ಇರಬೇಕಾದಲ್ಲಿ ಹಿಡಿಯಿಲ್ಲ.
'ತೋಲಾ, ಇದರಲ್ಲಿ ಏನಿಲ್ಲ?'
'ಏನಿಲ್ಲ.'
ಇನ್ನೊಂದು ಸಲ ಕೇಳಬಹುದು, ಒಂದೇ ಸಲ.
'ಸರಿಯಾಗಿ ನೋಡು. ಏನು ಇಲ್ಲ?'
ಬಾಗಿಲಿನ ನಾಲ್ಕೂ ಅಂಚಿಗೆ ಬೆರಳು ಆಡಿಸಿದ,
ಹೊಸ್ತಿಲ ಸಂದಿನ ಹತ್ತಿರ ನಿಲ್ಲಿಸಿದ.
'ಎಲ್ಲಾ ಇದೆ. ಮಳೆ ಒಳಗೆ ಬರಲ್ಲ.'

ಬೆಳಗ್ಗೆ ಲೈನ್ ಮನೆಗಳ ಮುಂದೆಯೇ ಬಂದಿದ್ದೆ.
ತಗಡಿನ ಬಾಗಿಲು, ಹಗ್ಗದ ಕುಣಿಕೆ...
ಒಂದಕ್ಕಾದರೂ ಹಿಡಿ ಇತ್ತೇ?
ಎಷ್ಟು ಕಣ್ಣುಮುಚ್ಚಿದರೂ ನೆನಪಾಗಲಿಲ್ಲ.

ಸೊನ್ನೆ ಹಾಕಿದೆ. ಕೈಪಿಡಿಯ ಪ್ರಕಾರ ಸೊನ್ನೆ.
'ನಿನ್ನ ಪ್ರಕಾರ ಅನ್ನೋ ಕಾಲಮ್ಮು ಇಲ್ಲಮ್ಮ'
ಎಂದಿದ್ದರು ಕಳೆದ ವಾರ ಗೈಡ್ ಮೇಡಂ.
ಕೆಟ್ಟವರಲ್ಲ ಅವರು. ಅವರೇ ತಿಳಿಸಿ ಹೇಳಿದ್ದು:
ಎಪ್ಪತ್ತರ ಕೆಳಗೆ ಬಂದರೆ ಶನಿವಾರಕ್ಕೊಬ್ಬರು ಟೀಚರ್,
ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು.
ಎಪ್ಪತ್ತೆರಡಾದರೆ ಏನೂ ಇಲ್ಲ, ಅದೇ ಹಿಂದಿನ ಬೆಂಚು.
ಕನಿಕರಕ್ಕೆ ಎರಡಂಕ ಕೊಟ್ಟೆನೋ
ಅವನ ಶನಿವಾರ ಕಸಿದುಕೊಂಡೆ.
ಇದು ಯಾವ ಸೆಮಿಸ್ಟರಿನ ಯಾವ ಪಾಠ?
ನಾನು ರಜೆ ಹಾಕಿದ ದಿನ ಮುಗಿಸಿಬಿಟ್ಟರೇ?

ಕೂಡಿಸುತ್ತ, ಕಳೆಯುತ್ತ, ಪೆನ್ಸಿಲ್ ಕಚ್ಚುತ್ತ ಕೂತಿದ್ದೆ.
ತೋಲ ನನ್ನ ಮಡಿಲ ಕಡೆಗೇ ನೋಡುತ್ತಿದ್ದ.
'ಅಕ್ಕಾ, ಅದು ಓಡ್ತಾನೇ ಇದೆ.'
ಸ್ಟಾಪ್‌ವಾಚು. ಒತ್ತಿದೆ:
ಹದಿನಾಲ್ಕು ನಿಮಿಷ, ಮೂವತ್ತೊಂದು ಸೆಕೆಂಡು.
'ಯಾವಾಗಿಂದ ನೋಡ್ತಿದ್ದೀಯಾ?'
'ಬಾಗಿಲಿಂದ.'
'ಹೇಳಬಾರದಿತ್ತಾ?'
'ನೀವು ಕೇಳಿಲ್ಲ.'

ಗಮನ ಎಂಬ ಸಾಲಿನೆದುರು ಆಗಲೇ ಬರೆದಿದ್ದೆ:
ಚಂಚಲ. ಅದೂ ಪೆನ್ನಿನಲ್ಲಿ.

ಊಟದ ಗಂಟೆ ಹೊಡೆಯಿತು. ತಟ್ಟೆಗೆ ಓಡಿದ.
ಅಕ್ಕಿ ಚೀಲದ ಮೇಲೆ ಅವನು ಕೂತ ತಗ್ಗು
ಸ್ವಲ್ಪ ಹೊತ್ತು ಹಾಗೇ ಇತ್ತು,
ಆಮೇಲೆ ಒಂದೊಂದೇ ಕಾಳು ಜಾರಿ
ತುಂಬಿಕೊಳ್ಳತೊಡಗಿತು.